ಗೌರಕ್ಕನ ಸಣ್ಣ ಗಾಲಿ

ಹೊಳಲ್ಕೆರೆ

ಹಾಲೆಂಡಿಗೆ ಹೋಗಿ ಬಂದವನನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಒಂದೇ, ಹೂವಿನ ತೋಟ ನೋಡಿದಿರಾ ಎಂದು. ನೋಡಲಿಲ್ಲ. ಗಾಳಿಯಂತ್ರ ನೋಡಿದಿರಾ ಎಂದರು. ರೈಲಿನ ಕಿಟಕಿಯಿಂದ ಒಂದು ಕಂಡಿತು, ಅದಕ್ಕಿಂತ ಎತ್ತರದವು ನಮ್ಮ ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ನಿಂತಿವೆ, ಅದಕ್ಕಾಗಿ ಅಷ್ಟು ದೂರ ಹೋಗಬೇಕಿಲ್ಲ ಎಂದೆ. ನನ್ನ ಮಾತು ಸ್ವಲ್ಪ ಒರಟು. ಹೊಸದುರ್ಗದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ವಿಜ್ಞಾನ ಪಾಠ ಮಾಡಿ ಗಂಟಲೂ ಗುಣವೂ ಎರಡೂ ಒರಟಾಗಿವೆ. ಎಂಟು ದಿನದಲ್ಲಿ ನಾನು ಸರಿಯಾಗಿ ನೋಡಿದ್ದು ಒಂದು ಬಾಡಿಗೆ ಕೋಣೆ, ಒಂದು ಸೇತುವೆ, ಒಂದು ಏರುರಸ್ತೆ ಮತ್ತು ಒಂದು ಸೈಕಲ್. ಅಕ್ಕ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವಳ ಕೋಣೆ ಖಾಲಿ ಮಾಡಲು ದಸರಾ ರಜೆಯಲ್ಲಿ ಹೋಗಿದ್ದೆ.

ಅಕ್ಕನ ಹೆಸರು ಗೌರಮ್ಮ. ನನಗೆ ಗೌರಕ್ಕ. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಎಂಟನೇ ವಯಸ್ಸಿನಲ್ಲಿ ಹುಣಸೆ ಮರದಿಂದ ಬಿದ್ದು ಬಲಗಾಲು ಮುರಿಯಿತು. ನಾಟಿ ಕಟ್ಟು ಹಾಕಿಸಿದರು. ಮೂಳೆ ಕೂಡಿತು, ಮಂಡಿ ಮಾತ್ರ ಬಿಗಿದುಕೊಂಡೇ ಉಳಿಯಿತು. ಕುರ್ಚಿಯಲ್ಲಿ ಕೂರುವಷ್ಟು ಮಡಚುತ್ತಿತ್ತು, ಅದಕ್ಕಿಂತ ಒಂದಿಷ್ಟೂ ಹೆಚ್ಚಿಲ್ಲ. ನೆಲದ ಮೇಲೆ ಪಂಕ್ತಿಯಲ್ಲಿ ಊಟಕ್ಕೆ ಕೂತರೆ ಅವಳ ಒಂದು ಕಾಲು ಎದುರು ಸಾಲಿನವರ ಎಲೆಯವರೆಗೆ ಚಾಚಿಕೊಂಡಿರುತ್ತಿತ್ತು. ಆ ಕಾಲಿನಲ್ಲೇ ಅವಳು ನರ್ಸಿಂಗ್ ಓದಿದಳು, ಚಿತ್ರದುರ್ಗದಲ್ಲಿ ಹತ್ತು ಹದಿನೈದು ವರ್ಷ ಕೆಲಸ ಮಾಡಿದಳು, ಜೊತೆಯ ನರ್ಸುಗಳಿಂದ ಹಾಲೆಂಡಿನ ಕೆಲಸದ ವಿಷಯ ಕೇಳಿ ಡಚ್ ಭಾಷೆ ಕಲಿತಳು, ಮೂವತ್ತೇಳನೇ ವಯಸ್ಸಿನಲ್ಲಿ ಅಲ್ಲಿಯ ವೃದ್ಧಾಶ್ರಮವೊಂದಕ್ಕೆ ಹೋದಳು. ಹತ್ತು ವರ್ಷ ಇದ್ದಳು. ಈ ಜೂನ್‌ನಲ್ಲಿ ನಿದ್ದೆಯಲ್ಲೇ ಹೃದಯ ನಿಂತಿತು. ಶವದ ಪೆಟ್ಟಿಗೆ ಬಂದಾಗ ನಮ್ಮ ಹೊಲದಲ್ಲಿ, ಅವ್ವನ ಪಕ್ಕದಲ್ಲಿ ಮಣ್ಣು ಮಾಡಿದೆವು.

ಅಪ್ಪ ಹೊಳಲ್ಕೆರೆಯಲ್ಲಿ ಸೈಕಲ್ ಶಾಪಿನವರು. ತಿಪ್ಪೇಸ್ವಾಮಿ ಅಂದರೆ ಇಬ್ಬರು ಮೂವರು ಇದ್ದಾರು, ಸೈಕಲ್ ತಿಪ್ಪೇಸ್ವಾಮಿ ಅಂದರೆ ಒಬ್ಬರೇ. ಎಪ್ಪತ್ತೆಂಟಾದರೂ ಬೆಳಿಗ್ಗೆ ಬಾಗಿಲು ತೆಗೆದು ಕೂರುತ್ತಾರೆ. ಮಣ್ಣಿನ ದಿನ ಅವರು ಅಳಲಿಲ್ಲ. ನಾನು ಹೊರಡುವ ಮುಂಚೆ ಒಂದೇ ಒಂದು ಕೆಲಸ ಹೇಳಿದರು.

"ಆ ಕಾಲು ಇಟ್ಕಂಡು ದಿನಾ ಕೆಲ್ಸಕ್ಕೆ ಎಷ್ಟು ದೂರ ನಡೀತಿದ್ಲೋ ಏನೋ. ಕೇಳಿದ್ರೆ ಆರಾಮಾಗಿ ಹೋಗ್ತೀನಿ ಅಂತಿದ್ಲು. ಸುಳ್ಳೋ ನಿಜವೋ, ಅಲ್ಲಿಯೋರ್ನ ಕೇಳ್ಕಂಡು ಬಾ."

ಮಗಳು ಅಷ್ಟು ವರ್ಷ ಪರದೇಶದ ಚಳಿಯಲ್ಲಿ ಕಾಲೆಳೆದುಕೊಂಡು ನಡೆದಳಲ್ಲ ಎನ್ನುವುದೊಂದೇ ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಆಯಿತು, ಕೇಳಿಕೊಂಡು ಬರುತ್ತೇನೆ ಎಂದು ಒಪ್ಪಿಕೊಂಡೆ.

ನೈಮೇಖೆನ್, ಇಳಿದ ದಿನ

ಊರಿನ ಹೆಸರನ್ನು ಹೇಳಲು ನನಗೆ ಮೂರು ದಿನ ಹಿಡಿಯಿತು. ಅದರ ನಡುವೆ ಗಂಟಲಿನಿಂದ ಕೆರೆದು ತೆಗೆಯುವ ಒಂದು ಅಕ್ಷರವಿದೆ. ನಾನು ಹೇಳಿದಾಗಲೆಲ್ಲ ಅವರು ನನಗೆ ನೀರು ತಂದುಕೊಡುತ್ತಿದ್ದರು.

ಸ್ಟೇಷನ್ನಿಗೆ ವಿಲ್ಮಾ ಬಂದಿದ್ದಳು. ಅಕ್ಕ ಇದ್ದದ್ದು ಅವಳ ಮನೆಯ ಮೇಲಿನ ಕೋಣೆಯಲ್ಲಿ, ಕೆಲಸವೂ ಇಬ್ಬರಿಗೂ ಒಂದೇ ಕಡೆ. ಐವತ್ತು ದಾಟಿದ ಎತ್ತರದ ಹೆಂಗಸು. ಒಂದು ಸೈಕಲ್ ಹತ್ತಿಕೊಂಡು, ಇನ್ನೊಂದರ ಹ್ಯಾಂಡಲನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಬಂದಿದ್ದಳು. ಎರಡನೆಯದು ನನಗಂತೆ. ಪ್ರಪಂಚದಲ್ಲಿ ಸೈಕಲ್ ತುಳಿಯದ ಮನುಷ್ಯರು ಇರಬಹುದು ಎಂಬ ಯೋಚನೆಯೇ ಆ ಊರಿನವರಿಗೆ ಬರುವುದಿಲ್ಲ. ನಾನು ಸೈಕಲ್ ಶಾಪಿನವನ ಮಗ, ಆದರೆ ತುಳಿದು ಇಪ್ಪತ್ತು ವರ್ಷವಾಗಿತ್ತು. ಸೀಟು ನನ್ನ ಸೊಂಟಕ್ಕಿಂತ ಮೇಲಿತ್ತು. ಇಳಿಸಿಕೊಡಿ, ಎರಡೂ ಕಾಲು ನೆಲಕ್ಕೆ ತಾಗುವ ಹಾಗೆ ಎಂದು ಕೇಳಿದೆ. ಕುಳಿತು ತುಳಿಯುವುದೋ ನಿಂತು ನಡೆಯುವುದೋ ಎಂದು ಅವಳು ಕೇಳಿದಳು. ತಮಾಷೆಯಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು.

ನಮ್ಮಲ್ಲಿ ಯಾರೇ ಹೊಸ ಸೈಕಲ್ ಕೊಳ್ಳಲಿ, ಶಾಪಿನಲ್ಲಿ ಮೊದಲು ಮಾಡುವುದೇ ಸೀಟು ಇಳಿಸುವ ಕೆಲಸ. ಕುಂತ ಕಡೆಯಿಂದ ಎರಡೂ ಪಾದ ನೆಲಕ್ಕೆ ಊರಿದರೆ ಸೈಕಲ್ ಅಳತೆಗೆ ಬಂತು ಎಂದು ಲೆಕ್ಕ. ಅಲ್ಲಿಯವರು ಹಾಗಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಒಂದೇ ಕಾಲಿನ ತುದಿಬೆರಳು ಊರಿ, ಕೊಕ್ಕರೆಯ ಹಾಗೆ ನಿಂತಿರುತ್ತಾರೆ. ನಾನು ಹತ್ತಲಿಲ್ಲ, ನಡೆದೆ. ನಡೆಯುವಾಗ ಕೆಂಪು ಬಣ್ಣದ ದಾರಿ ಚೆನ್ನಾಗಿದೆಯೆಂದು ಅದರಲ್ಲಿ ಹೋದೆ. ಅದು ಸೈಕಲ್ಲಿನವರದು. ಹಿಂದಿನಿಂದ ಬಂದ ಅಜ್ಜಿಯೊಬ್ಬಳು ಗಂಟೆ ಬಾರಿಸಿ ನನಗೆ ಬೈದಳು. ಏನು ಬೈದಳೆಂದು ವಿಲ್ಮಾ ಅನುವಾದ ಮಾಡಲಿಲ್ಲ.

ಮನೆ ನದಿಯ ಆಚೆ ದಡದಲ್ಲಿತ್ತು, ಅಕ್ಕ ಕೆಲಸ ಮಾಡುತ್ತಿದ್ದ ವೃದ್ಧಾಶ್ರಮ ಈಚೆ ದಡದಲ್ಲಿ. ನದಿಯ ಹೆಸರು ವಾಲ್. ನಮ್ಮ ವೇದಾವತಿಯ ಹತ್ತಿಪ್ಪತ್ತು ಪಟ್ಟು ಅಗಲ, ತುಂಬ ನೀರು, ನೀರಿನ ಮೇಲೆ ಮನೆಯಷ್ಟುದ್ದದ ಹಡಗುಗಳು. ಸೇತುವೆಯ ಮೇಲೆ ಗಾಳಿ ಎದೆಗೆ ಒದೆಯುತ್ತಿತ್ತು. ದಾಟುವಷ್ಟರಲ್ಲಿ ನನ್ನೆರಡು ನೆಟ್ಟಗಿನ ಕಾಲುಗಳೇ ಸೋತವು. ಅಕ್ಕ ದಿನಕ್ಕೆ ಎರಡು ಸಲ ಇದನ್ನು ದಾಟುತ್ತಿದ್ದಳಲ್ಲ ಎನಿಸಿತು. ಅಪ್ಪನಿಗೆ ಏನು ಹೇಳುವುದು ಎಂಬ ಸಂಕಟ ಆಗಲೇ ಶುರುವಾಯಿತು.

ಕೋಣೆಯನ್ನು ವಿಲ್ಮಾ ಮುಟ್ಟಿರಲಿಲ್ಲ. ಹಾಸಿಗೆ, ಮೇಜು, ಅವ್ವನ ಫೋಟೋ, ಪುಟ್ಟ ಲಿಂಗದ ಕರಡಿಗೆ, ಒಂದು ಡಬ್ಬಿಯಲ್ಲಿ ನಮ್ಮನೆಯ ಚಟ್ನಿಪುಡಿಯ ಕೊನೆಯ ಎರಡು ಚಮಚ. ಬಾಗಿಲ ಹಿಂದೆ ಮೂರು ಜೊತೆ ಬೂಟು. ಊರಿನಲ್ಲಿದ್ದಾಗ ಅಕ್ಕನ ಬಲಗಾಲಿನ ಚಪ್ಪಲಿ ಒಂದು ಕಡೆಗೆ ಸವೆದು ಆರು ತಿಂಗಳಿಗೆ ಮುಗಿಯುತ್ತಿತ್ತು. ಈ ಬೂಟುಗಳನ್ನು ತಿರುಗಿಸಿ ನೋಡಿದೆ. ಅಡಿ ಸವೆದೇ ಇರಲಿಲ್ಲ.

ಇಲ್ಲಿಂದ ಕೆಲಸಕ್ಕೆ ಅಷ್ಟು ದೂರ ಹೇಗೆ ನಡೆಯುತ್ತಿದ್ದಳು ಎಂದು ವಿಲ್ಮಾಳನ್ನು ಕೇಳಿದೆ. ಅವಳು ನನ್ನ ಇಂಗ್ಲಿಷಿನಲ್ಲಿ ತಪ್ಪಿದೆಯೇನೋ ಎನ್ನುವಂತೆ ನೋಡಿದಳು. ಮತ್ತೊಮ್ಮೆ ಕೇಳಿದೆ.

"ಗೌರಿ ಎಲ್ಲಿ ನಡೆದಳು? ಅವಳು ಸೈಕಲ್ಲಿನಲ್ಲಿ ಹೋಗುತ್ತಿದ್ದಳು," ಎಂದಳು.

ಹಿತ್ತಿಲಿನಲ್ಲಿ ಸಾಮಾನು ಇಡುವ ಗೂಡಿನ ಬಾಗಿಲು ತೆಗೆದಳು. ಒಳಗೆ ಹಸಿರು ಬಣ್ಣದ, ಇಪ್ಪತ್ತು ಇಂಚಿನ ಗಾಲಿಯ, ನಡುವೆ ಮಡಚುವ ಸೈಕಲ್ ಒಂದು ಗೋಡೆಗೆ ಒರಗಿತ್ತು. ಹಿಂದೆ ಬುಟ್ಟಿ, ಬುಟ್ಟಿಯಲ್ಲಿ ಮಳೆಯಂಗಿ. ನಾಲ್ಕು ತಿಂಗಳಿಂದ ವಾರಕ್ಕೊಮ್ಮೆ ಗಾಳಿ ಹೊಡೆದಿಡುತ್ತಿದ್ದಳಂತೆ ವಿಲ್ಮಾ. ಯಾಕೆಂದು ಕೇಳಿದರೆ ಗೊತ್ತಿಲ್ಲ ಎಂದಳು.

ನನಗೆ ಮೊದಲು ಬಂದದ್ದು ಸಿಟ್ಟು. ಪ್ರತಿ ಭಾನುವಾರ ಫೋನು. ಅಲ್ಲಿಯ ಮಳೆ, ಅಲ್ಲಿಯ ಬ್ರೆಡ್ಡು, ಮುದುಕರ ಕೀಟಲೆ ಎಲ್ಲ ಹೇಳುತ್ತಿದ್ದವಳು ಸೈಕಲ್ ಮಾತನ್ನೇ ಎತ್ತಿರಲಿಲ್ಲ. ಸೈಕಲ್ ಶಾಪಿನ ಮನೆಗೆ ಇದೊಂದನ್ನು ಹೇಳದೆ ಇಟ್ಟುಕೊಂಡಿದ್ದಳು. ಸಿಟ್ಟು ಇಳಿದ ಮೇಲೆ ಅಳು ಬಂತು. ವಿಲ್ಮಾ ನನ್ನನ್ನು ಗೂಡಿನಲ್ಲಿ ಬಿಟ್ಟು ಒಳಗೆ ಹೋದಳು.

ವೃದ್ಧಾಶ್ರಮ

ಅಕ್ಕನಿಗೆ ಆ ಸೈಕಲ್ ಹೊಂದಿಸಿಕೊಟ್ಟವನು ಅವಳೇ ನೋಡಿಕೊಳ್ಳುತ್ತಿದ್ದ ಮುದುಕ. ಹೆಸರು ಹೆಂಕ್. ಎಂಬತ್ತು ದಾಟಿ ಎಷ್ಟೋ ಆಗಿದೆ, ಗಾಲಿಕುರ್ಚಿಯಲ್ಲಿದ್ದಾನೆ, ಅವನೂ ಒಂದು ಕಾಲಕ್ಕೆ ಸೈಕಲ್ ರಿಪೇರಿಯವನೇ. ಅವನ ಬೆರಳುಗಳನ್ನು ನೋಡಿದೊಡನೆ ನನಗೆ ಅಪ್ಪ ನೆನಪಾದರು. ಉಗುರಿನ ಅಂಚಿನ ಆ ಕಪ್ಪು ಯಾವ ಸೋಪಿಗೂ ಹೋಗುವುದಿಲ್ಲ.

ಅಲ್ಲಿ ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಡುತ್ತಾರೆ. ಒಂದೇ. ಆಮೇಲೆ ಡಬ್ಬಿ ಮುಚ್ಚಿ ಒಳಗಿಡುತ್ತಾರೆ. ನಮ್ಮಲ್ಲಿ ಸಾಕು ಎಂದು ಕೈ ಅಡ್ಡ ಹಿಡಿದರೂ ಮೇಲಿಂದ ಸುರಿಯುತ್ತಾರೆ. ಹೆಂಕ್ ತನ್ನ ಬಿಸ್ಕತ್ತನ್ನೂ ನನ್ನ ತಟ್ಟೆಗೆ ಹಾಕಿದ. ಗೌರಿಗೆ ಹೀಗೇ ಕೊಡುತ್ತಿದ್ದೆ ಎಂದ.

ಅವನು ಹೇಳಿದ್ದು ಇಷ್ಟು. ಅಕ್ಕ ಬಂದ ಮೊದಲ ಎರಡು ವರ್ಷ ಬಸ್ಸಿನಲ್ಲಿ ಬರುತ್ತಿದ್ದಳು, ಬಸ್ ಸ್ಟಾಪಿನಿಂದ ಕುಂಟಿಕೊಂಡು ಬರುವುದನ್ನು ಅವನು ಕಿಟಕಿಯಿಂದ ನೋಡುತ್ತಿದ್ದ. ಸೈಕಲ್ ಯಾಕೆ ತುಳಿಯುವುದಿಲ್ಲ ಎಂದು ಕೇಳಿದ. ನನಗೆ ಆಗುವುದಿಲ್ಲ, ಚಿಕ್ಕವಳಿದ್ದಾಗಲೇ ನೋಡಿಯಾಗಿದೆ ಎಂದಳಂತೆ. ಯಾರು ನೋಡಿದ್ದು ಎಂದ. ಅವಳು ಅವನ ಮಾತ್ರೆಗಳನ್ನು ಎಣಿಸತೊಡಗಿದಳಂತೆ. ಇವನು ಕುರ್ಚಿಯ ಮೇಲೆ ಕೂರಿಸಿ, ಮಂಡಿ ಎಷ್ಟು ಮಡಚುತ್ತದೆಂದು ಅಳೆದ.

ಪೆಡಲಿನ ತೋಳನ್ನು ನಮ್ಮಲ್ಲಿ ಕ್ರ್ಯಾಂಕು ಎನ್ನುತ್ತಾರೆ. ದೊಡ್ಡವರ ಸೈಕಲ್ಲಿನಲ್ಲಿ ಅದು ಆರೂವರೆ ಇಂಚು. ತೋಳು ಉದ್ದವಾದಷ್ಟೂ ಪೆಡಲು ಮೇಲಕ್ಕೆ ಬಂದಾಗ ಮಂಡಿ ಹೆಚ್ಚು ಮಡಚಬೇಕು. ಹೆಂಕ್ ನಾಲ್ಕೂವರೆ ಇಂಚಿನ ತೋಳು ಹಾಕಿಸಿದ. ಸೀಟನ್ನು ಮೇಲೇರಿಸಿದ. ಬಿಗಿದ ಮಂಡಿಯೂ ಪೂರ್ತಿ ಸುತ್ತು ತಿರುಗಿತು. ಆದರೆ ತೋಳು ಗಿಡ್ಡವಾದರೆ ಬಲ ಹೆಚ್ಚು ಬೇಕು, ಏರಿನಲ್ಲಿ ಮುಂದಕ್ಕೆ ಹೋಗುವುದೇ ಇಲ್ಲ. ಅದಕ್ಕೆ ಚೈನು ಓಡುವ ಮುಂದಿನ ಹಲ್ಲುಚಕ್ರದ ಹಲ್ಲು ಕಡಿಮೆ ಮಾಡಿದ, ಹಿಂದಿನದಕ್ಕೆ ಹೆಚ್ಚಿಸಿದ, ಜೊತೆಗೆ ಮೂರು ಗೇರು. ಗಾಲಿ ಸಣ್ಣದಿದ್ದರೆ ಒಂದು ಸುತ್ತಿಗೆ ಹೋಗುವ ದೂರವೂ ಕಡಿಮೆ, ತುಳಿಯುವುದು ಹಗುರ, ನಿಂತಲ್ಲಿಂದ ಹೊರಡುವುದು ಸುಲಭ, ಕಾಲೆತ್ತಿ ದಾಟಿಸಲು ಎತ್ತರದ ಬಾರೂ ಅಡ್ಡವಿಲ್ಲ. ನಷ್ಟವೆಂದರೆ ಇಟ್ಟಿಗೆ ಹಾಸಿದ ಬೀದಿಯ ಪ್ರತಿ ಸಂದೂ ಬೆನ್ನಿಗೆ ಗೊತ್ತಾಗುತ್ತದೆ. ಇದನ್ನೆಲ್ಲ ಅವನು ಸಾಸರು ಮತ್ತು ಚಮಚ ತಿರುಗಿಸಿ ತೋರಿಸಿದ. ನಾನು ಸನ್ನೆ, ರಾಟೆ, ಗಾಲಿ ಅಚ್ಚು ಎಂದು ಎಷ್ಟು ವರ್ಷದಿಂದ ಬೋರ್ಡಿನ ಮೇಲೆ ಚಿತ್ರ ಬರೆದಿದ್ದೇನೆ. ಪ್ರತಿ ಸಲ ಉದಾಹರಣೆಗೆ ಸೈಕಲ್ಲನ್ನೇ ಬರೆದಿದ್ದೇನೆ. ಕುಳಿತು ಕೇಳುವುದು ಬಿಟ್ಟು ನನಗೇನೂ ಉಳಿದಿರಲಿಲ್ಲ.

ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಅಕ್ಕ ಆಶ್ರಮದ ಅಂಗಳದಲ್ಲಿ ಸೈಕಲ್ ಕಲಿತಳು. ಮುದುಕ ಮುದುಕಿಯರೆಲ್ಲ ಕಿಟಕಿಯಲ್ಲಿ ಕೂತು ನೋಡುತ್ತಿದ್ದರಂತೆ, ಬಿದ್ದಾಗ ನರ್ಸನ್ನು ಕೂಗುತ್ತಿದ್ದರಂತೆ. ನರ್ಸು ಅವಳೇ. ಹೆಂಕ್ ಇದನ್ನು ಹೇಳಿ ನಕ್ಕ, ನಾನೂ ನಕ್ಕೆ.

ಸೇತುವೆ ಇಳಿದ ಮೇಲೆ ಆಶ್ರಮದವರೆಗೆ ಉದ್ದಕ್ಕೂ ಏರು. ಹಾಲೆಂಡ್ ಪೂರಾ ಹಲಗೆಯ ಹಾಗೆ ಚಪ್ಪಟೆ ಎಂದು ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ, ತಪ್ಪು. ಎಂಟು ವರ್ಷ ಅಕ್ಕ ಆ ಏರಿನ ನಡುವೆ ಇಳಿದು ತಳ್ಳಿಕೊಂಡು ಹೋಗುತ್ತಿದ್ದಳು. ಈ ಏಪ್ರಿಲ್‌ನಲ್ಲಿ ಒಂದು ದಿನ ಇಳಿಯದೆ ತುದಿಯವರೆಗೆ ತುಳಿದಳು. ಬಂದವಳೇ ಹೆಂಕ್‌ನ ಕೋಣೆಗೆ ನುಗ್ಗಿ, ಇನ್ನು ನಮ್ಮಪ್ಪನಿಗೆ ತೋರಿಸಬಹುದು ಎಂದಳಂತೆ.

ಅವಳ ಯೋಜನೆ ಹೆಂಕ್‌ಗೂ ವಿಲ್ಮಾಳಿಗೂ ಬಾಯಿಪಾಠವಾಗಿತ್ತು. ದೀಪಾವಳಿಗೆ ಊರಿಗೆ ಬರುವುದು, ಸೈಕಲ್ ಮಡಚಿ ಪೆಟ್ಟಿಗೆಯಲ್ಲಿ ತರುವುದು, ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಬಿಚ್ಚಿ ಜೋಡಿಸಿ, ಶಾಪಿನ ಮುಂದೆ ತುಳಿದುಕೊಂಡು ಹೋಗಿ ಗಂಟೆ ಬಾರಿಸುವುದು. ಅದಕ್ಕೇ ಅವಳು ಸೈಕಲ್ ಮೇಲಿರುವಾಗ ಯಾರಿಗೂ ಒಂದು ಫೋಟೋ ತೆಗೆಯಲು ಬಿಟ್ಟಿರಲಿಲ್ಲ. ಫೋಟೋ ನನಗಿಂತ ಮೊದಲೇ ಹೊಳಲ್ಕೆರೆ ತಲುಪುತ್ತದೆ ಎನ್ನುತ್ತಿದ್ದಳಂತೆ. ಅಪ್ಪ ಏನು ಕೆಲಸ ಮಾಡುತ್ತಾರೆಂದು ಮಾತ್ರ ಹೇಳಿರಲಿಲ್ಲ. ನಾನು ಹೇಳಿದೆ. ಹೆಂಕ್ ಚಮಚ ಕೆಳಗಿಟ್ಟ.

"ಸೈಕಲ್ ರಿಪೇರಿಯವರೇ? ಹಾಗಾದರೆ ಅವಳು ಚಿಕ್ಕವಳಿದ್ದಾಗಲೇ ಯಾಕೆ ಕಲಿಯಲಿಲ್ಲ?"

ನಡೆದದ್ದನ್ನು ಹೇಳಿದೆ. ಹತ್ತನೇ ವಯಸ್ಸಿನಲ್ಲಿ ಅಕ್ಕ ಹಟ ಹಿಡಿದಳು. ಅಪ್ಪ ಒಂದು ಲೇಡೀಸ್ ಸೈಕಲ್ ತಂದು, ಮಗಳು ಬೀಳಬಾರದೆಂದು ಸೀಟನ್ನು ಎಷ್ಟು ಇಳಿಸಬಹುದೋ ಅಷ್ಟೂ ಇಳಿಸಿದರು. ಅವಳು ಅರ್ಧ ಪೆಡಲ್ ಹೊಡೆಯುತ್ತಿದ್ದಳು. ಬಲಗಾಲು ಮೇಲೆ ಬಂದು ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು, ಹಿಂದಕ್ಕೆ ತಿರುಗಿಸಿ ಮತ್ತೆ ಒತ್ತುತ್ತಿದ್ದಳು. ಹತ್ತು ದಿನ ಅಪ್ಪ ಸೀಟು ಹಿಡಿದು ಹಿಂದೆ ಓಡಿದರು. ಹನ್ನೊಂದನೇ ದಿನ ಅವಳು ಚರಂಡಿಗೆ ಬಿದ್ದು ಮುಂಗೈ ಕೊಯ್ದುಕೊಂಡಳು. ಅಪ್ಪ ಎತ್ತಿಕೊಂಡು ಬಂದು, ಬಿಡು ತಾಯಿ, ಸೈಕಲ್ ನಿಂಗಲ್ಲ ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅಲ್ಲಿಂದ ಅವಳು ಸೈಕಲ್ ಎಂಬ ಮಾತನ್ನೇ ಆಡಲಿಲ್ಲ. ನಾನು ಅದೇ ಲೇಡೀಸ್ ಸೈಕಲ್ ತುಳಿದು ಸ್ಕೂಲಿಗೆ ಹೋದೆ, ಅವಳು ನಡೆದು ಬಂದಳು.

ಸೀಟು ಇಳಿಸಿದರು ಎಂದೊಡನೆ ಹೆಂಕ್‌ಗೆ ಅರ್ಥವಾಗಿತ್ತು. ಸೀಟು ಇಳಿದಷ್ಟೂ ಮಂಡಿ ಹೆಚ್ಚು ಮಡಚಬೇಕು. ಆಗದ ಕಾಲಿಗೆ ಇನ್ನೂ ಆಗದಂತೆ ಮಾಡಿ, ಹತ್ತು ದಿನ ಅದರ ಹಿಂದೆ ಓಡಿದ್ದರು ಅಪ್ಪ.

"ಮಕ್ಕಳಿಗೆ ನಾವೂ ಇಳಿಸುತ್ತೇವೆ," ಎಂದ ಹೆಂಕ್. "ಆದರೆ ಈ ಸೈಕಲ್ ಅವರ ಕಣ್ಣಿಗೆ ಬಿದ್ದರೆ ಒಂದು ನಿಮಿಷ ಸಾಕು, ಎಲ್ಲ ತಿಳಿದುಬಿಡುತ್ತದೆ. ತೆಗೆದುಕೊಂಡು ಹೋಗುವ ಮುಂಚೆ ಯೋಚನೆ ಮಾಡು."

ಏರು

ಮೂರು ದಿನ ಯೋಚನೆ ಮಾಡಿದೆ. ಕೈಗೆ ಏನಾದರೂ ಕೆಲಸ ಬೇಕಿತ್ತು, ಅದಕ್ಕೆ ಮನೆಯ ಮುಂದಿನ ರಸ್ತೆಯಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ಸೈಕಲ್ ಅಳೆದೆ. ಪೆಡಲು ಪೂರ್ತಿ ಒಂದು ಸುತ್ತು ಬಂದರೆ ಅಕ್ಕನ ಸಣ್ಣ ಗೇರಿನಲ್ಲಿ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು ಹೋಗುತ್ತದೆ. ಅಪ್ಪನ ಇಪ್ಪತ್ತೆಂಟು ಇಂಚಿನ ದೊಡ್ಡ ಸೈಕಲ್ಲಿನಲ್ಲಿ ಒಂದು ಸುತ್ತಿಗೆ ಹತ್ತಿರ ಹತ್ತಿರ ಆರು ಮೀಟರು. ಅಪ್ಪನ ಒಂದು ತುಳಿತಕ್ಕೆ ಅಕ್ಕ ಮೂರು ಸಲಕ್ಕೆ ಸ್ವಲ್ಪ ಕಡಿಮೆ ತುಳಿಯಬೇಕು. ನಿಧಾನ, ಆದರೆ ಹೋಗುತ್ತದೆ. ಪಕ್ಕದ ಮನೆಯವನೊಬ್ಬ ಹೊರಬಂದು, ನಾನು ಏನು ಬರೆಯುತ್ತಿದ್ದೇನೆಂದು ನೋಡಿ, ಒಳಗೆ ಹೋಗಿ ಟೇಪು ತಂದುಕೊಟ್ಟು, ಏನೂ ಕೇಳದೆ ಹೋದ. ನಮ್ಮೂರಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಹತ್ತು ಜನ ಸೇರಿ, ಅಳತೆ ತಪ್ಪೆಂದು ಇಬ್ಬರು ವಾದಕ್ಕೆ ನಿಲ್ಲುತ್ತಿದ್ದರು. ಆ ಹತ್ತು ಜನ ಬೇಕಾಗಿತ್ತು ಎನಿಸಿತು.

ಎರಡು ದಾರಿಯಿತ್ತು. ಸೈಕಲ್ಲನ್ನು ವಿಲ್ಮಾಳಿಗೆ ಬಿಟ್ಟು ಹೋಗಿ, ಅಕ್ಕ ಬಸ್ಸಿನಲ್ಲಿ ಹೋಗುತ್ತಿದ್ದಳು ಅಪ್ಪ, ಬಾಗಿಲ ಮುಂದೆಯೇ ಸ್ಟಾಪು ಎನ್ನಬಹುದಿತ್ತು. ಅಪ್ಪನಿಗೆ ನೆಮ್ಮದಿಯಾಗುತ್ತಿತ್ತು. ಆದರೆ ಅಕ್ಕ ಎಂಟು ವರ್ಷ ಏರು ಹತ್ತಿ ಕಾಯ್ದಿಟ್ಟುಕೊಂಡಿದ್ದ ಒಂದೇ ಒಂದು ಸಂತೋಷವನ್ನು ಆ ಗೂಡಿನಲ್ಲೇ ಬಿಟ್ಟು ಬಂದಂತಾಗುತ್ತಿತ್ತು. ಕೊನೆಯ ದಿನ ನಾನು ಆ ಏರನ್ನು ತಳದಿಂದ ತುದಿಯವರೆಗೆ ನಡೆದೆ. ಮಳೆ ಹನಿಯುತ್ತಿತ್ತು. ಒಂದು ಕೈಯಲ್ಲಿ ಛತ್ರಿ ಹಿಡಿದ ಹುಡುಗಿಯೊಬ್ಬಳು, ಹಿಂದೆ ಸುತ್ತಿದ ಚಾಪೆ ಕಟ್ಟಿಕೊಂಡವನೊಬ್ಬ, ಎಲ್ಲರೂ ನನ್ನನ್ನು ದಾಟಿ ಹೋದರು. ಸಣ್ಣ ಗಾಲಿಯವರು ಯಾರಾದರೂ ಬರುತ್ತಾರೇನೋ ಎಂದು ತುದಿಯಲ್ಲಿ ಬಹಳ ಹೊತ್ತು ನಿಂತಿದ್ದೆ. ವಾಪಸು ಬಂದು ವಿಲ್ಮಾಳಿಗೆ ಒಂದು ದೊಡ್ಡ ಪೆಟ್ಟಿಗೆ ಸಿಗುತ್ತದೆಯೇ ಎಂದು ಕೇಳಿದೆ.

ಹಿರಿಯೂರು

ಬೆಂಗಳೂರಿನಿಂದ ನೇರವಾಗಿ ಚಿತ್ರದುರ್ಗಕ್ಕೆ ಬಂದು ಹೊಳಲ್ಕೆರೆ ಸೇರಬಹುದಿತ್ತು. ನಾನು ಹಿರಿಯೂರಿನಲ್ಲಿ ಇಳಿದೆ. ಹೊಸದುರ್ಗಕ್ಕೆ ಹೋಗಿ ಸ್ಕೂಲಿನಲ್ಲಿ ರಜೆಯ ಅರ್ಜಿ ಕೊಟ್ಟು ಹೋಗೋಣ ಎಂದು ನನಗೆ ನಾನೇ ಹೇಳಿಕೊಂಡೆ. ರಜೆಯಲ್ಲಿ ಸ್ಕೂಲಿನ ಬಾಗಿಲೇ ತೆಗೆದಿರುವುದಿಲ್ಲ. ಮನೆಗೆ ಹೋಗಲು ಹೆದರಿಕೆ, ಅಷ್ಟೆ.

ಹೊಸದುರ್ಗದ ಬಸ್ಸಿನ ಕಂಡಕ್ಟರು ಪೆಟ್ಟಿಗೆ ನೋಡಿ ಒಳಗೆ ಬಿಡಲಿಲ್ಲ. ಟಾಪಿನ ಮೇಲೆ ಹಾಕ್ರಿ ಎಂದ. ಬೇಡ, ಪೆಟ್ಟು ಬೀಳುತ್ತದೆ ಎಂದೆ. ಏನೈತ್ರಿ ಅದ್ರಾಗೆ ಎಂದು ಕೇಳಿದ. ಸೈಕಲ್ ಎಂದರೆ ನಂಬಲಿಲ್ಲ. ಬಿಚ್ಚಿ ತೋರಿಸಿದೆ. ಮಡಚಿದ ಸೈಕಲ್ ನೋಡಿ ಬಸ್ಸಿನಲ್ಲಿದ್ದವರೆಲ್ಲ ಎದ್ದು ನಿಂತರು. ಮಕ್ಕಳದಾ ಎಂದು ಒಬ್ಬ ಕೇಳಿದ. ಅಕ್ಕಂದು ಎಂದೆ. ಅಕ್ಕ ಎಲ್ಲವ್ರೆ ಎಂದು ಇನ್ನೊಬ್ಬ ಕೇಳಿದ. ಇಲ್ಲ ಎಂದಷ್ಟೇ ಹೇಳಿದೆ. ಕಂಡಕ್ಟರು ಹಿಂದಿನ ಸೀಟಿನವರನ್ನು ಎಬ್ಬಿಸಿ ಜಾಗ ಮಾಡಿಕೊಟ್ಟ.

ಮಾರಿಕಣಿವೆ

ಮಾರಿಕಣಿವೆಯಲ್ಲಿ ಮತ್ತೆ ಇಳಿದುಬಿಟ್ಟೆ. ಮುಂದಿನ ಬಸ್ಸಿಗೆ ಹೊತ್ತಿತ್ತು. ಡ್ಯಾಮಿನ ಕಡೆಯ ಏರುದಾರಿಯ ಪಕ್ಕ ಪೆಟ್ಟಿಗೆ ಬಿಚ್ಚಿ, ಸೈಕಲ್ ಜೋಡಿಸಿ ನಿಲ್ಲಿಸಿದೆ. ನೈಮೇಖೆನ್‌ನಲ್ಲಿ ಅದರ ಮೇಲೆ ಕೂರಲು ಮನಸ್ಸಾಗಿರಲಿಲ್ಲ. ಇಲ್ಲಿ ಕೂತೆ. ಸೀಟು ಅವಳು ಇಟ್ಟಿದ್ದ ಎತ್ತರದಲ್ಲೇ ಇತ್ತು.

ಮೊದಲು ನಗು ಬಂತು. ಪೆಡಲು ಎಷ್ಟು ಸಣ್ಣ ಸುತ್ತು ತಿರುಗುತ್ತಿತ್ತೆಂದರೆ ಕಾಲುಗಳು ನೆಲದ ಮೇಲೆ ತುದಿಗಾಲಲ್ಲಿ ಓಡಿದ ಹಾಗೆ. ಸಣ್ಣ ಗಾಲಿ ಸ್ವಲ್ಪ ಕೈ ಅಲುಗಿದರೂ ಪಕ್ಕಕ್ಕೆ ಹೊರಳುತ್ತಿತ್ತು. ಮೊದಲ ಗುಂಡಿಗೆ ಬಿದ್ದಾಗ ಹಲ್ಲು ಕಟಕ್ಕೆಂದಿತು. ಇಟ್ಟಿಗೆಯ ಬೀದಿ ಇದರ ಮುಂದೆ ಏನೂ ಅಲ್ಲ. ಸಣ್ಣ ಗೇರಿಗೆ ಹಾಕಿದೆ, ಏರು ಶುರುವಾಯಿತು. ನಲವತ್ತೈದರ ನಾನು, ಮೆಟ್ಟಿಲು ಹತ್ತಿದರೆ ಉಸಿರು ಸಿಗದವನು, ಕೂತೇ ಹೋಗುತ್ತಿದ್ದೆ. ಬೇಕೆಂದೇ ಬಲಮಂಡಿಯನ್ನು ಬಿಗಿಹಿಡಿದು, ಹೆಚ್ಚು ಮಡಚದೆ ನೋಡಿದೆ. ಆಗಲೂ ಹೋಯಿತು. ಏರಿನ ತುದಿ ಸಿಗುವವರೆಗೂ ಹೋಯಿತು.

ಕುರಿ ಮೇಯಿಸುತ್ತಿದ್ದ ಒಬ್ಬ ಹಿರಿಯರು ಕೋಲು ಊರಿ ನೋಡುತ್ತಾ ನಿಂತಿದ್ದರು. ಹೆಗಲಲ್ಲಿ ಕಂಬಳಿ. ಹರಿಯಬ್ಬೆ ಕಡೆಯವರಂತೆ.

"ಇಷ್ಟು ಸಣ್ಣ ಗಾಲಿ ಇಟ್ಕಂಡು ಯಾವೂರು ಮುಟ್ತೀರಪ್ಪ?" ಎಂದರು.

ಹೊಳಲ್ಕೆರೆ ಎಂದೆ. ಅವರು ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು, ನಮ್ಮ ಮರಿಗಳೂ ಹಿಂಗೇ, ಕಾಲು ಸಣ್ಣವು ಆದ್ರೆ ದೊಡ್ಡವುಕ್ಕಿಂತ ಮೊದ್ಲೇ ಗುಡ್ಡ ಹತ್ತತವೆ ಎಂದರು. ಯಾರದು ಎಂದು ಕೇಳಿದರು. ಯಾಕೋ ಅವರಿಗೆ ಎಲ್ಲವನ್ನೂ ಹೇಳಿದೆ, ಅಪ್ಪ ಸೀಟು ಇಳಿಸಿದ್ದನ್ನೂ. ಕೇಳಿ ಮುಗಿಸಿ ಅವರು ಕುರಿಗಳ ಕಡೆ ನೋಡಿದರು.

"ತಂದೆಗೆ ಹೇಳ್ಬೇಡ್ರಿ," ಎಂದರು. "ಈ ವಯಸ್ನಾಗೆ ತಡಕಣಾಕೆ ಆಗಲ್ಲ. ಅಲ್ಲಿ ಏನೋ ಬ್ಯಾರೆ ಮಿಷನ್ನು ಐತಂತೆ ಅನ್ರಿ."

ಅದೇ ಸರಿ ಎನಿಸಿತು. ಸೈಕಲ್ ಕೊಡುವುದು, ಅವಳು ತುಳಿದದ್ದನ್ನು ಹೇಳುವುದು, ಆದರೆ ಇದೆಲ್ಲ ಆ ದೇಶದಲ್ಲಿ ಮಾತ್ರ ಆಗುವ ಕೆಲಸ ಎನ್ನುವುದು. ಹೊಸದುರ್ಗದಲ್ಲಿ ಬಸ್ಸು ಬದಲಿಸುವಾಗಲೂ, ಆಮೇಲೆ ಹೊಳಲ್ಕೆರೆಯವರೆಗೂ ಆ ಸುಳ್ಳನ್ನು ಪಾಠದ ಹಾಗೆ ಮನಸ್ಸಿನಲ್ಲೇ ಒಪ್ಪಿಸುತ್ತಾ ಬಂದೆ.

ಮತ್ತೆ ಹೊಳಲ್ಕೆರೆ

ಮಧ್ಯಾಹ್ನದ ಹೊತ್ತು. ಶಾಪಿನಲ್ಲಿ ಗಿರಾಕಿ ಇರಲಿಲ್ಲ. ಅಪ್ಪ ಒಂದು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದರು. ಬಾ, ಕುಂತ್ಕ, ನೀರು ಕುಡಿ ಎಂದರು. ಬಸ್ ಸ್ಟ್ಯಾಂಡಿನಿಂದ ತುಳಿದು ಬರಬೇಕೆಂದುಕೊಂಡಿದ್ದೆ, ಅದು ಅಕ್ಕನ ಪಾಲಿನದು ಎನಿಸಿ ಆಟೋದಲ್ಲಿ ಬಂದಿದ್ದೆ. ಪೆಟ್ಟಿಗೆ ಬಿಚ್ಚಿ ಸೈಕಲ್ ಜೋಡಿಸಿ ಅವರ ಮುಂದೆ ನಿಲ್ಲಿಸಿದೆ.

"ಅಕ್ಕಂದು ಅಪ್ಪ. ನಡೀತಿರಲಿಲ್ಲ ಅವಳು. ಎಂಟು ವರ್ಷ ಇದನ್ನ ತುಳಿದಳು."

ಅಪ್ಪ ಕೈ ಒರೆಸಿಕೊಂಡರು. ಮೊದಲು ಅವರ ಮುಖ ಅರಳಿತು. ಅಷ್ಟು ಸಂತೋಷವನ್ನು ಆ ಮುಖದಲ್ಲಿ ನಾನು ಬಹಳ ವರ್ಷದಿಂದ ನೋಡಿರಲಿಲ್ಲ. ಗೌರಿ ಸೈಕಲ್ ತುಳಿದ್ಲಾ, ನಮ್ ಗೌರೀನಾ ಎಂದು ಎರಡು ಸಲ ಕೇಳಿದರು. ಏರನ್ನು ಹೇಳಿದೆ, ಸೇತುವೆಯ ಗಾಳಿಯನ್ನು ಹೇಳಿದೆ, ದೀಪಾವಳಿಗೆ ತಂದು ಅವರ ಮುಂದೆ ಗಂಟೆ ಬಾರಿಸಬೇಕೆಂದಿದ್ದಳು ಎಂದೂ ಹೇಳಿದೆ. ಅವರು ಕೇಳುತ್ತಲೇ ಸೈಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ರಿಪೇರಿಯವನ ಕೈ ಸುಮ್ಮನಿರುವುದಿಲ್ಲ. ಹಲ್ಲುಗಳನ್ನು ಎಣಿಸಿದರು. ಪೆಡಲಿನ ತೋಳನ್ನು ಬೆರಳಿನಿಂದ ಅಳೆದರು, ಸೀಟಿನ ಎತ್ತರ ನೋಡಿದರು, ತೋಳನ್ನು ಮತ್ತೆ ಅಳೆದರು. ಅವರ ಮುಖದಲ್ಲಿ ಬೆಳಕು ಆರುತ್ತಾ ಬಂದದ್ದನ್ನು ನಾನು ನಿಂತು ನೋಡಿದೆ.

"ಈ ಗಿಡ್ಡ ಕ್ರ್ಯಾಂಕು ಅಲ್ಲಿ ಮಾತ್ರ ಸಿಗ್ತತೇನ್ಲಾ?"

"ಹೌದಪ್ಪ, ಅಲ್ಲಿ ಮಾತ್ರ. ಡಾಕ್ಟರು ಹೇಳಿ ಮಾಡಿಸಿದ್ದಂತೆ. ಇಲ್ಲಿ ಆಗಲ್ಲ."

ಅವರು ಎದ್ದು ಒಳಗೆ ಹೋದರು. ಕಬ್ಬಿಣದ ಸಾಮಾನು ಸರಿಸುವ ಸದ್ದು ಕೇಳಿತು. ತುಕ್ಕು ಹಿಡಿದ ಒಂದು ಕ್ರ್ಯಾಂಕು ತಂದರು, ಅದಕ್ಕೆ ಅಂಟಿಕೊಂಡು ಒಂದು ಪುಟ್ಟ ಹಲ್ಲುಚಕ್ರ. ಚಿಕ್ಕ ಮಕ್ಕಳ ಸೈಕಲ್ಲಿನದು. ಅಕ್ಕನ ಪೆಡಲಿನ ತೋಳಿಗೆ ಜೋಡಿಸಿ ಹಿಡಿದರು. ಎರಡೂ ಒಂದೇ ಉದ್ದ.

"ಇಂಥವು ಅವತ್ತೂ ಇದ್ವು," ಎಂದರು. "ಕ್ರ್ಯಾಂಕು ಬಿಗಿಯೋ ಕಾಟರ್ ಪಿನ್ನು ಹೊಡೆದು ತೆಗೀಬೇಕು, ಇದನ್ನ ಹಾಕ್ಬೇಕು, ಚೈನು ನಾಕು ಕೊಂಡಿ ಕಡ್ಮೆ ಮಾಡ್ಬೇಕು. ಗೇರೂ ತಾನೇ ಹಗೂರ ಆಗ್ತತೆ. ಸೀಟು ಎತ್ತಬೇಕು. ಹತ್ತು ನಿಮಿಷದ ಕೆಲ್ಸ ಕಣೋ. ಹತ್ತು ನಿಮಿಷ."

ನಾನು ಏನೋ ಹೇಳಲು ಹೋದೆ. ಮಗಳು ಬೀಳಬಾರದು ಎಂದು ತಾನೇ ನೀವು ಇಳಿಸಿದ್ದು ಎಂದೆ. ನಾನು ವಿಜ್ಞಾನ ಓದಿದವನು, ನನಗೂ ಹೊಳೆಯಲಿಲ್ಲವಲ್ಲ ಎಂದೆ. ಅದು ನಿಜ. ಅವಳು ಅದೇ ಮನೆಯಲ್ಲಿ ಕಾಲು ಚಾಚಿ ಕೂತಿದ್ದಾಗ ನಾನು ಅದೇ ಮನೆಯಲ್ಲಿ ಸನ್ನೆಯ ಲೆಕ್ಕ ಮಾಡಿ ಪಾಸಾದವನು. ಅಪ್ಪನಿಗೆ ಯಾವುದೂ ಕೇಳಿಸುತ್ತಿರಲಿಲ್ಲ. ಸೈಕಲ್ಲಿನ ಹಿಂದಿನ ಗಾಲಿಯನ್ನು ನೆಲದಿಂದ ಎತ್ತಿ, ಕೈಯಿಂದ ಪೆಡಲು ತಿರುಗಿಸುತ್ತಾ ಅಳತೊಡಗಿದರು. ಮಣ್ಣಿನ ದಿನ ಬಾರದಿದ್ದ ಅಳು ಅದು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಎದುರಿನ ಅಂಗಡಿಯವರು ಬಂದು ಭುಜ ಹಿಡಿದರು. ಗಾಲಿ ತಿರುಗುತ್ತಲೇ ಇತ್ತು.

ಬಹಳ ಹೊತ್ತಿನ ಮೇಲೆ ಅವರು ಟವೆಲಿನಿಂದ ಮುಖ ಒರೆಸಿಕೊಂಡು ಸೈಕಲ್ಲನ್ನು ನನ್ನ ಕೈಗೆ ಕೊಟ್ಟರು. ರಸ್ತೆಯ ಕಡೆ ಕೈ ತೋರಿಸಿದರು.

"ಹೆಂಗೆ ತುಳೀತಿದ್ಲು, ಒಂದ್ಸಲ ತುಳ್ದು ತೋರ್ಸು," ಎಂದರು.

ನಾನು ಹ್ಯಾಂಡಲ್ ಹಿಡಿದುಕೊಂಡು ನಿಂತೆ. ಹತ್ತಲು ಆಗಲಿಲ್ಲ.

"ನಾನೂ ನೋಡಿಲ್ಲ ಅಪ್ಪ," ಎಂದೆ.